1,299 ರೂಪಾಯಿಗೆ ಮೈಸೂರು ರೇಷ್ಮೆ ಸೀರೆ ಬರುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ತುಮಕೂರಿನವರು. ವರಮಹಾಲಕ್ಷ್ಮಿ ಹಬ್ಬಕ್ಕೆ ಸೀರೆ ಹುಡುಕುತ್ತಿದ್ದ ನಮ್ಮ ಅತ್ತೆಗೆ ಫೇಸ್‌ಬುಕ್‌ನಲ್ಲಿ ಒಂದು ಜಾಹೀರಾತು ಕಾಣಿಸಿತು. ಶುದ್ಧ ಮೈಸೂರು ಸಿಲ್ಕ್, ಜರಿ ಅಂಚು, 18,500 ರೂಪಾಯಿಯದ್ದು ಬರೀ 1,299ಕ್ಕೆ. ‘ಮೂರು ತಲೆಮಾರಿನ ನಮ್ಮ ಮಳಿಗೆ ಮುಚ್ಚುತ್ತಿದ್ದೇವೆ, ಇನ್ನು 47 ಸೀರೆ ಮಾತ್ರ ಉಳಿದಿವೆ’ ಎಂದು ಬರೆದಿತ್ತು. ವೆಬ್‌ಸೈಟ್ ಚೆನ್ನಾಗಿಯೇ ಇದೆ. ಬೀಗದ ಗುರುತು ಇದೆ, ಕ್ಯಾಶ್ ಆನ್ ಡೆಲಿವರಿ ಇದೆ, ನೂರಾರು ಜನ ಐದು ಸ್ಟಾರ್ ಕೊಟ್ಟಿದ್ದಾರೆ. ಅತ್ತೆ ನನ್ನನ್ನು ಕೇಳದೆ ಎರಡು ಸೀರೆಗೆ ಆರ್ಡರ್ ಹಾಕಿದ್ದಾರೆ. ಒಂದು ನನಗಂತೆ! ನಾಡಿದ್ದು ಪಾರ್ಸೆಲ್ ಬರುತ್ತದೆ. ‘ದುಡ್ಡೇ ಕೊಟ್ಟಿಲ್ಲವಲ್ಲ, ಬಂದ ಮೇಲೆ ನೋಡಿ ಕೊಟ್ಟರಾಯಿತು’ ಅನ್ನುತ್ತಾರೆ. ನನಗೇಕೋ ಅನುಮಾನ. ಇಂಥ ನಕಲಿ ಅಂಗಡಿಗಳನ್ನು ಕಂಡುಹಿಡಿಯುವುದು ಹೇಗೆ? ನಾಡಿದ್ದು ನಾನು ಏನು ಮಾಡಲಿ?

ಉತ್ತರ: ಅವಸರದ ಮಾತು ಮೊದಲು. ನಾಡಿದ್ದು ಪಾರ್ಸೆಲ್ ಬಂದರೆ ತೆಗೆದುಕೊಳ್ಳಬೇಡಿ. ಯಾಕೆ, ಹೇಗೆ ಎಂದು ಕೊನೆಗೆ ಹೇಳುತ್ತೇನೆ. ನಿಮಗೂ ಒಂದು ಇರಲಿ ಎಂದು ಸೇರಿಸಿದ ಅತ್ತೆಯವರನ್ನು ಮಾತ್ರ ಬೈಯಬೇಡಿ.

ನಾನು ಒಂದು ಬ್ಯಾಂಕಿನ ಕಾರ್ಡ್ ದೂರು ವಿಭಾಗದಲ್ಲಿ ಬಹಳ ವರ್ಷ ಕೂತವಳು. ದುಡ್ಡು ಕಳೆದುಕೊಂಡು ಫೋನ್ ಮಾಡುವವರು ಹೆಚ್ಚಾಗಿ ವೆಬ್‌ಸೈಟ್ ಬಗ್ಗೆಯೇ ಹೇಳುತ್ತಿದ್ದರು. ಬೀಗ ಇತ್ತು ಮೇಡಂ, ಇಂಗ್ಲಿಷ್ ಸರಿಯಾಗಿತ್ತು ಮೇಡಂ, ರಿಟರ್ನ್ ಪಾಲಿಸಿ ಕೂಡ ಇತ್ತು ಮೇಡಂ. ನನ್ನ ಮೊದಲ ಪ್ರಶ್ನೆ ಬೇರೆಯೇ ಇರುತ್ತಿತ್ತು. ಆ ವಸ್ತುವನ್ನು ತಯಾರು ಮಾಡಲು ಎಷ್ಟು ಖರ್ಚಾಗುತ್ತದೆ ಎಂದು ಗೊತ್ತಾ? ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರುತ್ತಿರಲಿಲ್ಲ. ವೆಬ್‌ಸೈಟ್ ಪರೀಕ್ಷೆ ಮಾಡಲು ಕಂಪ್ಯೂಟರ್ ತಿಳಿದಿರಬೇಕು, ಆದರೂ ಅದರಲ್ಲಿ ಏಮಾರಬಹುದು. ವಸ್ತುವಿನ ಲೆಕ್ಕ ಹಾಕಲು ಹಾಲಿನ ಲೆಕ್ಕ ಬರೆಯುವಷ್ಟು ಗಣಿತ ಸಾಕು. ಆ ವಿಷಯದಲ್ಲಿ ನಿಮ್ಮ ಅತ್ತೆಯವರು ನಮ್ಮಿಬ್ಬರಿಗಿಂತ ಜಾಣರೇ ಇರಬೇಕು.

ನಿಮ್ಮ ಸೀರೆಯ ಲೆಕ್ಕವನ್ನೇ ಹಾಕೋಣ. ರಾಮನಗರದ ಗೂಡಿನ ಮಾರುಕಟ್ಟೆ ನಿಮಗೇನು ದೂರವಲ್ಲ. ಅಲ್ಲಿ ರೇಷ್ಮೆಗೂಡಿನ ರೇಟು ದಿನಾ ಏರಿಳಿಯುತ್ತದೆ. ಸುಮ್ನೆ ಲೆಕ್ಕಕ್ಕೆ ಕೆಜಿಗೆ 500 ರೂಪಾಯಿ ಎಂದು ಇಟ್ಟುಕೊಳ್ಳಿ, ಅದಕ್ಕಿಂತ ಮೇಲೆ ಹೋದ ದಿನಗಳೂ ಬೇಕಾದಷ್ಟಿವೆ. ಒಂದು ಕೆಜಿ ಕಚ್ಚಾ ರೇಷ್ಮೆ ನೂಲು ಬಿಚ್ಚಲು ಸುಮಾರು 7 ಕೆಜಿ ಗೂಡು ಬೇಕು. ಒಂದು ಸೀರೆಗೆ ಬರೀ 400 ಗ್ರಾಂ ನೂಲು ಎಂದರೂ 2.8 ಕೆಜಿ ಗೂಡಾಯಿತು. ಅಂದರೆ 1,400 ರೂಪಾಯಿ. ಇದು ರೈತನ ಕೈಗೆ ಹೋಗುವ ಹಣ ಅಷ್ಟೇ. ನೂಲು ಬಿಚ್ಚಿದವರ ಕೂಲಿ, ಹುರಿ ಮಾಡಿದ್ದು, ಅಂಟು ತೆಗೆದಿದ್ದು, ಬಣ್ಣ, ನೇಯ್ಗೆ, ಜರಿ ಯಾವುದೂ ಇನ್ನೂ ಸೇರಿಲ್ಲ. ಅಂಟು ತೆಗೆದಾಗ ನೂಲಿನ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕರಗಿ ಹೋಗುತ್ತದೆ, ಅದನ್ನೂ ನಾನು ಲೆಕ್ಕಕ್ಕೆ ಹಿಡಿದಿಲ್ಲ. ಹಾಗಿದ್ದೂ ಗೂಡಿನ ದುಡ್ಡೇ 1,299 ದಾಟಿತು. ಅಂಗಡಿ ಮುಚ್ಚುವವನು ನಷ್ಟಕ್ಕೆ ಮಾರಬಹುದು, ಸರಿ. ಗೂಡಿನ ಬೆಲೆಗಿಂತಲೂ ಕಡಿಮೆಗೆ ಮಾರಿ, ಮೇಲೆ ಫೇಸ್‌ಬುಕ್‌ಗೆ ಜಾಹೀರಾತಿನ ದುಡ್ಡು ಕೊಟ್ಟು, ಕೊರಿಯರ್ ಖರ್ಚನ್ನೂ ತಾನೇ ಹಾಕಿಕೊಳ್ಳುತ್ತಾನಾ?

ಇನ್ನು ನಿಜವಾದ ಮೈಸೂರು ಸಿಲ್ಕ್ ವಿಷಯ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ ಮೈಸೂರಿನಲ್ಲಿ ಶುರುವಾದ ರೇಷ್ಮೆ ಕಾರ್ಖಾನೆ ಈಗ ಸರ್ಕಾರದ ಕೆಎಸ್‌ಐಸಿ (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ಕೈಯಲ್ಲಿದೆ. ಮೈಸೂರು ಸಿಲ್ಕ್‌ಗೆ 2005ರಲ್ಲಿ ಜಿಐ ಗುರುತು, ಅಂದರೆ ಇದು ಇಂಥ ಊರಿನದ್ದೇ ವಿಶೇಷ ವಸ್ತು ಎಂಬ ಕಾನೂನಿನ ಮಾನ್ಯತೆ, ಸಿಕ್ಕಿತು. ಅಲ್ಲಿನ ಜರಿಯಲ್ಲಿ 65 ಶೇಕಡಾ ಬೆಳ್ಳಿ, 0.65 ಶೇಕಡಾ ಚಿನ್ನ ಇರುತ್ತದೆ. ಬೆಳ್ಳಿಯ ಬೆಲೆ ಎಲ್ಲಿಗೆ ಹೋಗಿದೆ ಎಂದು ಅತ್ತೆಯವರಿಗೆ ಹೇಳಬೇಕಾಗಿಲ್ಲ ಅಲ್ವಾ? ಜರಿ ಅಂಚಿನ ಸೀರೆ ಹತ್ತು ಸಾವಿರವನ್ನು ಯಾವತ್ತೋ ದಾಟಿದೆ. ಅಷ್ಟಾದರೂ ಬೇಡಿಕೆಗೆ ಸಾಕಾಗುವಷ್ಟು ಸೀರೆ ತಯಾರಾಗುವುದಿಲ್ಲ, ಷೋರೂಂ ಬಾಗಿಲಿಗೆ ಜನ ಬೆಳಗ್ಗೆಯೇ ಬಂದು ಸಾಲು ನಿಲ್ಲುತ್ತಾರೆ. ಸಾಲು ನಿಂತು ಪೂರ್ತಿ ಬೆಲೆ ಕೊಡಲು ಜನ ಕಾಯುತ್ತಿರುವ ಸೀರೆಯನ್ನು ಯಾರೋ ಹದಿನಾಲ್ಕನೇ ಒಂದು ಭಾಗದ ಬೆಲೆಗೆ ಮನೆಬಾಗಿಲಿಗೆ ಕಳಿಸುತ್ತಾರಂತೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಕಡಿಮೆ ಬೆಲೆ ಅಂದ ಕೂಡಲೇ ಮೋಸ ಅಲ್ಲ. ಸೂರತ್‌ನ ಪಾಲಿಯೆಸ್ಟರ್ ಸೀರೆ 350 ರೂಪಾಯಿಗೂ ಬರುತ್ತದೆ, ಮಾರುವವರು ಪ್ರಾಮಾಣಿಕರೇ ಇರುತ್ತಾರೆ, ಉಡುವವರಿಗೂ ಖುಷಿ. ‘ಆರ್ಟ್ ಸಿಲ್ಕ್’ (ಕೃತಕ ರೇಷ್ಮೆ), ‘ಸೆಮಿ ಸಿಲ್ಕ್’ ಎಂದು ಹೇಳಿಯೇ 1,299ಕ್ಕೆ ಮಾರಿದರೆ ಅದು ನ್ಯಾಯದ ಬೆಲೆ. ಅಗ್ಗದ ವಸ್ತು ಅಗ್ಗಕ್ಕೆ ಸಿಗುವುದು ವ್ಯಾಪಾರ. ದುಬಾರಿ ವಸ್ತು ಅಗ್ಗಕ್ಕೆ ಸಿಗುತ್ತಿದೆ ಎಂದರೆ ಮಾತ್ರ ಅದಕ್ಕೊಂದು ಕಾರಣ ಇರಲೇಬೇಕು. ನಕಲಿ ಅಂಗಡಿಯವನಿಗೂ ಇದು ಗೊತ್ತು, ಅದಕ್ಕೇ ಅವನು ಬೆಲೆಯ ಜೊತೆಗೆ ಒಂದು ಕಥೆಯನ್ನೂ ಕೊಡುತ್ತಾನೆ.

ನಿಮಗೆ ಬಂದ ಕಥೆ ‘ಮಳಿಗೆ ಮುಚ್ಚುತ್ತಿದ್ದೇವೆ’. ಮೊಬೈಲ್ ಆದರೆ ‘ಕಸ್ಟಮ್ಸ್‌ನವರು ಹಿಡಿದ ಮಾಲು’. ಸೋಫಾ, ಫ್ರಿಜ್ ಆದರೆ ‘ಮಿಲಿಟರಿಯವರಿಗೆ ವರ್ಗಾವಣೆ ಆಯಿತು’. ಡ್ರೈಫ್ರೂಟ್ಸ್ ಆದರೆ ‘ಗೋದಾಮು ಖಾಲಿ ಮಾಡುತ್ತಿದ್ದೇವೆ’. ಅಂಗಡಿ ಮುಚ್ಚುವ ಕಥೆ ಈಗ ದೇಶದೇಶಗಳಲ್ಲಿ ಓಡುತ್ತಿದೆ. ಆಸ್ಟ್ರೇಲಿಯಾದಲ್ಲಿ ಇಂಥವಕ್ಕೆ ‘ಭೂತದ ಅಂಗಡಿ’ ಎಂದೇ ಹೆಸರು. ಊರಿನ ಹಳೇ ಬಟ್ಟೆ ಅಂಗಡಿ ಮುಚ್ಚುತ್ತಿದೆ ಎಂದು ಜಾಹೀರಾತು ಹಾಕುತ್ತಾರೆ, ಅಂಗಡಿಯೇ ಇರುವುದಿಲ್ಲ, ಮಾಲು ಹೊರದೇಶದಿಂದ ಬರುತ್ತದೆ. ಅಲ್ಲಿನ ಗ್ರಾಹಕ ಆಯೋಗ 2025ರಲ್ಲಿ ಇದರ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಕಣ್ಣೀರು ಒರೆಸಿಕೊಳ್ಳುವ ಮುದುಕ ದಂಪತಿಯ ಫೋಟೋ ಇದ್ದರಂತೂ ಅದು ಎಐ ಮಾಡಿದ ಚಿತ್ರ ಇರಬಹುದು ಎಂದುಕೊಂಡೇ ನೋಡಿ.

ಓದಿದವರು ಇಂಥದ್ದಕ್ಕೆ ಬೀಳುವುದಿಲ್ಲ ಎಂದುಕೊಳ್ಳಬೇಡಿ. 2016ರ ಫೆಬ್ರವರಿಯಲ್ಲಿ ‘ಫ್ರೀಡಂ 251’ ಎಂಬ ಸ್ಮಾರ್ಟ್‌ಫೋನ್ 251 ರೂಪಾಯಿಗೆ ಎಂದು ಪತ್ರಿಕೆಗಳ ತುಂಬ ಜಾಹೀರಾತು ಬಂತು. ಬುಕಿಂಗ್ ಶುರುವಾದ ದಿನ ಜನ ನುಗ್ಗಿದ್ದಕ್ಕೆ ವೆಬ್‌ಸೈಟೇ ನಿಂತುಹೋಯಿತು. ಪರದೆ, ಬ್ಯಾಟರಿ, ಚಿಪ್ ಸೇರಿಸಿದರೆ 251ಕ್ಕೆ ಹೇಗೂ ಆಗುವುದಿಲ್ಲ ಎಂದು ಮೊಬೈಲ್ ತಯಾರಕರು ಆಗಲೇ ಹೇಳಿದರು. ನಮ್ಮ ಶಾಖೆಯಲ್ಲೇ ಊಟದ ಹೊತ್ತಿಗೆ ಆ ಪೇಜನ್ನು ಮತ್ತೆ ಮತ್ತೆ ತೆರೆಯುತ್ತಿದ್ದವರನ್ನು ನಾನು ನೋಡಿದ್ದೇನೆ. ದಿನವಿಡೀ ಬಡ್ಡಿ ಲೆಕ್ಕ ಹಾಕುವವರು!

ಈಗ ಕ್ಯಾಶ್ ಆನ್ ಡೆಲಿವರಿ. ಅತ್ತೆಯವರ ಧೈರ್ಯವೆಲ್ಲ ಇದರ ಮೇಲೆ ನಿಂತಿದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ‘ನೋಡಿ ದುಡ್ಡು ಕೊಡುತ್ತೇನೆ’ ಅನ್ನುತ್ತಾರಲ್ಲ, ಸಾಮಾನ್ಯವಾಗಿ ನಡೆಯುವುದು ಉಲ್ಟಾ. ದುಡ್ಡು ಕೊಟ್ಟು ಆಮೇಲೆ ನೋಡಬೇಕು. ದೊಡ್ಡ ಕಂಪನಿಗಳು ಕೆಲವು ವಸ್ತುಗಳಿಗೆ ಬಾಗಿಲಲ್ಲೇ ಪೆಟ್ಟಿಗೆ ಬಿಚ್ಚಿ ತೋರಿಸುವ ವ್ಯವಸ್ಥೆ ಇಟ್ಟಿವೆ. ಇಂಥ ಅನಾಮಧೇಯ ಪಾರ್ಸೆಲ್‌ಗಳಿಗೆ ಅದು ಇರುವುದಿಲ್ಲ. ಡೆಲಿವರಿ ಹುಡುಗ ಬಿಚ್ಚಲು ಬಿಡುವುದಿಲ್ಲ, ಬಿಟ್ಟರೆ ಅವನ ಕೈಯಿಂದ ದುಡ್ಡು ಹೋಗುತ್ತದೆ. ಅವನನ್ನು ಬೈದು ಪ್ರಯೋಜನವಿಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನಿವೃತ್ತಿಯಾದ ಮೇಲೆ ಮಂಡಿ ನೋವಿಗೆ ಒಂದು ಮಸಾಜ್ ಯಂತ್ರ 999ಕ್ಕೆ ಎಂದು ಕಂಡಿತು. ಅಂಥದ್ದು ಪೇಟೆಯಲ್ಲಿ ಐದಾರು ಸಾವಿರ ಎಂದು ನನಗೆ ಗೊತ್ತಿತ್ತು. ಕ್ಯಾಶ್ ಆನ್ ಡೆಲಿವರಿ ಇದೆಯಲ್ಲ, ನೋಡೋಣ ಎಂದು ತರಿಸಿದೆ. ದುಡ್ಡು ಕೊಟ್ಟು ಬಿಚ್ಚಿದರೆ ಒಳಗೆ ಪ್ಲಾಸ್ಟಿಕ್ ಬಾಚಣಿಗೆ ಮೂರು, ಜೊತೆಗೆ ತೂಕಕ್ಕೆ ಒಂದು ಮುದ್ದೆ ಹಳೇ ಪೇಪರ್. ಪೆಟ್ಟಿಗೆ ಮೇಲಿದ್ದ ನಂಬರ್ ಅಸ್ತಿತ್ವದಲ್ಲೇ ಇರಲಿಲ್ಲ. ಮೋಸದ ದೂರುಗಳನ್ನು ನೋಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಮನೆಯವರು ಈಗಲೂ ಯಾರಾದರೂ ನೆಂಟರು ಬಂದರೆ ಆ ಬಾಚಣಿಗೆ ತೋರಿಸುತ್ತಾರೆ. ಹೇಳಬೇಕೆಂದರೆ 999 ಹೋಯಿತು ಎಂದು ನಾನೂ ದೂರು ಕೊಡಲು ಹೋಗಲಿಲ್ಲ, ನಾಚಿಕೆ. ಈ ದಂಧೆ ನಡೆಯುವುದೇ ಆ ನಾಚಿಕೆಯ ಮೇಲೆ. ಬೆಲೆಯನ್ನು ಬೇಕೆಂತಲೇ 999, 1,299 ಎಂದು ಇಡುತ್ತಾರೆ. ಆಸೆ ಹುಟ್ಟಿಸುವಷ್ಟು ಕಡಿಮೆ, ಪೊಲೀಸ್ ಠಾಣೆಗೆ ಹೋಗುವಷ್ಟು ಜಾಸ್ತಿ ಅಲ್ಲ.

ಆದರೆ ಹೋದ 1,299ಕ್ಕಿಂತ ದೊಡ್ಡ ಅಪಾಯ ಅದರ ಹಿಂದೆ ಬರುತ್ತದೆ. ಸೀರೆ ಬದಲು ಚಿಂದಿ ಬಂತು ಎಂದು ನೀವು ಸಿಟ್ಟಿನಲ್ಲಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತೀರಿ. ಸಿಕ್ಕಿದ ನಂಬರಿಗೆ ಮಾಡಿದರೆ ಬಹಳ ವಿನಯವಾಗಿ ಮಾತಾಡುತ್ತಾರೆ. ‘ಸಾರಿ ಮೇಡಂ, ತಪ್ಪಾಗಿದೆ, ಪೂರ್ತಿ ಹಣ ವಾಪಸ್ ಮಾಡುತ್ತೇವೆ. ಈ ಒಂದು ಆ್ಯಪ್ ಹಾಕಿಕೊಳ್ಳಿ’ ಅನ್ನುತ್ತಾರೆ. ಆ ಆ್ಯಪ್ ಹಾಕಿದರೆ ನಿಮ್ಮ ಫೋನಿನ ಪರದೆ ಅವರಿಗೆ ಕಾಣುತ್ತದೆ. ಇಲ್ಲವೆಂದರೆ ‘ರಿಫಂಡ್ ಬರಲು ಯುಪಿಐ ಪಿನ್ ಒತ್ತಿ’ ಅನ್ನುತ್ತಾರೆ. ನೆನಪಿಡಿ, ಪಿನ್ ಬೇಕಾಗುವುದು ಹಣ ಕಳಿಸಲು, ಬ್ಯಾಲೆನ್ಸ್ ನೋಡಲು. ಹಣ ಬರಲು ಪಿನ್ ಬೇಡವೇ ಬೇಡ. ಸಾವಿರ ರೂಪಾಯಿ ವಾಪಸ್ ಪಡೆಯಲು ಹೋಗಿ ಮಗಳ ಮದುವೆಗೆ ಕೂಡಿಟ್ಟ ಹಣ ಕಳೆದುಕೊಂಡವರ ಕರೆಗಳನ್ನು ನಾನು ತೆಗೆದುಕೊಂಡಿದ್ದೇನೆ. ಅವನ್ನು ಮರೆಯುವುದು ಕಷ್ಟ.

ಮೊದಲೇ ದುಡ್ಡು ಕೇಳುವ ನಕಲಿ ಅಂಗಡಿಗಳೂ ಇವೆ. ಅಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ನಿಮ್ಮ ಆ್ಯಪ್‌ನಲ್ಲಿ ಹಣ ಪಡೆಯುವವರ ಹೆಸರು ಬರುತ್ತದೆ. ಪಿನ್ ಒತ್ತುವ ಮುಂಚೆ ಆ ಹೆಸರು ಓದಿ. ‘ಮೈಸೂರು ಸಿಲ್ಕ್’ ಅಂಗಡಿಗೆ ಕೊಡುವ ಹಣ ಯಾರೋ ಒಬ್ಬ ಖಾಸಗಿ ವ್ಯಕ್ತಿಯ ಹೆಸರಿಗೆ ಹೋಗುತ್ತಿದ್ದರೆ ಅಲ್ಲೇ ನಿಲ್ಲಿಸಿ. ಕಾರ್ಡ್ ಆದರೆ ಇನ್ನೊಂದು ಚಿಂತೆ. ನಮ್ಮ ದೇಶದ ವೆಬ್‌ಸೈಟುಗಳಲ್ಲಿ ಸಾಮಾನ್ಯವಾಗಿ ಒಟಿಪಿ ಇಲ್ಲದೆ ಹಣ ಹೋಗುವುದಿಲ್ಲ, ಆದರೆ ವಿದೇಶಿ ವೆಬ್‌ಸೈಟ್ ಒಟಿಪಿ ಕೇಳದೆಯೇ ಎಳೆದುಕೊಳ್ಳಬಹುದು. ನಕಲಿ ಅಂಗಡಿಗೆ ನೀವು ಕೊಟ್ಟ ಕಾರ್ಡ್ ನಂಬರ್ ಆರು ತಿಂಗಳ ನಂತರ ಇನ್ನೆಲ್ಲೋ ಬಳಕೆಯಾಗುತ್ತದೆ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಹೇಳಿದಂತೆ ಎಲ್ಲಾ ಬ್ಯಾಂಕುಗಳೂ ಕಾರ್ಡಿನ ಆನ್‌ಲೈನ್ ಬಳಕೆ, ವಿದೇಶಿ ಬಳಕೆಗೆ ಆನ್–ಆಫ್ ಸೌಲಭ್ಯ ಕೊಟ್ಟಿವೆ. ಬ್ಯಾಂಕ್ ಆ್ಯಪ್ ತೆರೆದು ವಿದೇಶಿ ಬಳಕೆಯನ್ನು ಇವತ್ತೇ ಆಫ್ ಮಾಡಿ. ಅಮೆರಿಕಕ್ಕೆ ಹೋಗುವಾಗ ಆನ್ ಮಾಡಿಕೊಂಡರಾಯಿತು.

ಇಷ್ಟು ಆದ ಮೇಲೆ ವೆಬ್‌ಸೈಟ್ ನೋಡೋಣ. ನೀವು ಬೀಗದ ಗುರುತಿನ ಮಾತು ಹೇಳಿದ್ದೀರಿ. ಬೀಗ ಎಂದರೆ ನಿಮ್ಮ ಫೋನಿನಿಂದ ಆ ವೆಬ್‌ಸೈಟಿಗೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು ಎಂದು ಅಷ್ಟೇ. ದಾರಿಯ ಕೊನೆಯಲ್ಲಿ ಕೂತಿರುವವನು ಕಳ್ಳನೋ ಸಂಭಾವಿತನೋ ಅದು ಹೇಳುವುದಿಲ್ಲ. ಆ ಬೀಗದ ಪ್ರಮಾಣಪತ್ರ ಈಗ ಪುಕ್ಕಟೆ ಸಿಗುತ್ತದೆ, ಕೆಲವು ನಿಮಿಷದ ಕೆಲಸ. ಜನ ಬೀಗವನ್ನು ತಪ್ಪು ತಿಳಿಯುತ್ತಿದ್ದಾರೆ ಎಂದು ಗೂಗಲ್‌ನವರು 2023ರಲ್ಲಿ ಕ್ರೋಮ್‌ನಿಂದ ಆ ಚಿತ್ರವನ್ನೇ ತೆಗೆದರು. ಐದು ಸ್ಟಾರ್‌ಗಳ ಕಥೆಯೂ ಹಾಗೇ. ಅವನ ಅಂಗಡಿ, ಅವನ ಗೋಡೆ, ಅವನೇ ಬರೆದದ್ದು. ವೆಬ್‌ಸೈಟ್‌ನ ಹೊರಗೆ, ಅಂಗಡಿ ಹೆಸರಿನ ಜೊತೆ ‘ಫ್ರಾಡ್’, ‘ಕಂಪ್ಲೇಂಟ್’ ಎಂದು ಸೇರಿಸಿ ಹುಡುಕಿ ನೋಡಿ.

ಅದಕ್ಕಿಂತ ಉಪಯೋಗಕ್ಕೆ ಬರುವುದು ಪುಟದ ಬುಡ. ಇ-ಕಾಮರ್ಸ್ ನಿಯಮಗಳು 2020ರ ಜುಲೈನಲ್ಲಿ ಜಾರಿಗೆ ಬಂದವು. ಅದರ ಪ್ರಕಾರ ಆನ್‌ಲೈನ್ ಅಂಗಡಿ ತನ್ನ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ಸಂಪರ್ಕ, ಕುಂದುಕೊರತೆ ಅಧಿಕಾರಿಯ ಹೆಸರು ಎಲ್ಲವನ್ನೂ ಕಾಣುವ ಹಾಗೆ ಹಾಕಬೇಕು. ದೂರು ಕೊಟ್ಟರೆ 48 ಗಂಟೆಯೊಳಗೆ ‘ಬಂತು’ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಕಲಿ ಅಂಗಡಿಯಲ್ಲಿ ಇರುವುದು ಒಂದು ಜಿಮೇಲ್ ಐಡಿ, ಒಂದು ವಾಟ್ಸಾಪ್ ನಂಬರ್. ವಿಳಾಸ ಇದ್ದರೆ ಮ್ಯಾಪ್‌ನಲ್ಲಿ ಹಾಕಿ ನೋಡಿ, ಕೆರೆ ಅಂಗಳವೋ ಯಾರದೋ ಮನೆಯೋ ಸಿಗಬಹುದು. ರಿಟರ್ನ್ ಪಾಲಿಸಿಯನ್ನೂ ಒಂದು ಸಲ ಓದಿ. ಬೇರೆಯವರ ವೆಬ್‌ಸೈಟಿನಿಂದ ಎತ್ತಿದ್ದಾದರೆ ಮಧ್ಯದಲ್ಲಿ ಎಲ್ಲೋ ಆ ಕಂಪನಿಯ ಹೆಸರು ಉಳಿದುಕೊಂಡಿರುತ್ತದೆ. ಸೀರೆ ಅಂಗಡಿಯ ಪಾಲಿಸಿಯಲ್ಲಿ ‘ನಾಯಿ ತಿಂಡಿ ವಾಪಸ್ ಪಡೆಯುವುದಿಲ್ಲ’ ಎಂದು ಬರೆದದ್ದನ್ನು ನಾನು ಕಂಡಿದ್ದೇನೆ.

ಜಿಎಸ್‌ಟಿ ನಂಬರ್ ಕೊಟ್ಟಿದ್ದರೆ ಇನ್ನೂ ಒಳ್ಳೆಯದು, ಅದು ಮಾತಾಡುತ್ತದೆ. ಒಟ್ಟು 15 ಅಕ್ಷರ. ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕ 29, ಗುಜರಾತ್ 24, ದೆಹಲಿ 07. ನಂತರದ ಹತ್ತು ಪ್ಯಾನ್ ನಂಬರ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ನಂಬರ್ ಹಾಕಿ ಹುಡುಕಬಹುದು. ‘ಮೈಸೂರಿನ ಮೂರು ತಲೆಮಾರಿನ ಮಳಿಗೆ’ಯ ನಂಬರ್ 24ರಿಂದ ಶುರುವಾದರೆ, ನೋಂದಣಿ ಮೂರು ತಿಂಗಳ ಹಿಂದಿನದ್ದಾದರೆ, ತಲೆಮಾರಿನ ಲೆಕ್ಕ ನೀವೇ ಹಾಕಿ. ಬೇರೆಯವರ ನಂಬರ್ ಕದ್ದು ಹಾಕುವವರೂ ಇದ್ದಾರೆ. ಪೋರ್ಟಲ್‌ನಲ್ಲಿ ಬರುವ ವ್ಯಾಪಾರದ ಹೆಸರು ಟೈಲ್ಸ್ ಅಂಗಡಿಯದ್ದೋ ಗೊಬ್ಬರದ ಅಂಗಡಿಯದ್ದೋ ಆಗಿದ್ದರೆ ಅದೇ ಉತ್ತರ.

ಸೀರೆಯ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ಫೋಟೋ ಯಾವುದೋ ಒಳ್ಳೆಯ ಅಂಗಡಿಯಲ್ಲಿ ಪೂರ್ತಿ ಬೆಲೆಗೆ ಇದ್ದರೆ ಫೋಟೋ ಎಲ್ಲಿಂದ ಬಂತು ಎಂದು ಗೊತ್ತಾಯಿತು. ಫೇಸ್‌ಬುಕ್ ಪುಟದಲ್ಲಿ ‘ಪೇಜ್ ಟ್ರಾನ್ಸ್‌ಪರೆನ್ಸಿ’ ಎಂಬ ಜಾಗ ಇದೆ, ಅಲ್ಲಿ ಪುಟ ಶುರುವಾದ ದಿನ, ಹಿಂದೆ ಇದ್ದ ಹೆಸರು ಕಾಣುತ್ತವೆ. ಕಳೆದ ತಿಂಗಳವರೆಗೆ ಕ್ರಿಕೆಟ್ ಅಭಿಮಾನಿಗಳ ಪುಟವಾಗಿದ್ದದ್ದು ಈಗ ರೇಷ್ಮೆ ಮಳಿಗೆ ಆಗಿರಬಹುದು. ಇನ್ನು ಆ ‘47 ಸೀರೆ ಮಾತ್ರ’. ಪುಟವನ್ನು ಬೇರೆ ಫೋನಿನಲ್ಲಿ, ನಾಳೆ ಮತ್ತೆ ತೆರೆದು ನೋಡಿ. 47 ಆಗಲೂ 47 ಆಗಿದ್ದರೆ ನಗು ಬರುತ್ತದೆ.

ವೆಬ್‌ಸೈಟ್ ವಿಳಾಸವನ್ನು ಬಲಗಡೆಯಿಂದ ಓದುವುದು ಅಭ್ಯಾಸ ಮಾಡಿಕೊಳ್ಳಿ. ‘ಮೈಸೂರುಸಿಲ್ಕ್ ಡಾಟ್ ಇಂಥದ್ದೇನೋ ಡಾಟ್ ಶಾಪ್’ ಎಂದಿದ್ದರೆ ಯಜಮಾನ ಆ ‘ಇಂಥದ್ದೇನೋ’. ಎಡಗಡೆ ಏನು ಬೇಕಾದರೂ ಬರೆದುಕೊಳ್ಳಬಹುದು. ವಿಳಾಸ ಯಾವತ್ತು ನೋಂದಣಿ ಆಯಿತು ಎಂಬುದನ್ನು ‘ಹೂಇಸ್’ ಎಂಬ ಸೇವೆಯಲ್ಲಿ ನೋಡಬಹುದು. ಹೊಸದಾದರೆ ಅನುಮಾನ ಪಡಿ, ಆದರೆ ಹಳೆಯದು ಎಂದು ನಂಬಿಬಿಡಬೇಡಿ. 2024ರಲ್ಲಿ ಜರ್ಮನಿಯ ಎಸ್‌ಆರ್ ಲ್ಯಾಬ್ಸ್ ಎಂಬ ಸಂಸ್ಥೆ ‘ಬೋಗಸ್‌ಬಜಾರ್’ ಎಂಬ ಜಾಲವನ್ನು ಬಯಲಿಗೆಳೆಯಿತು. ಆ ಜಾಲ 75,000ಕ್ಕೂ ಹೆಚ್ಚು ವಿಳಾಸಗಳಲ್ಲಿ ನಕಲಿ ಅಂಗಡಿ ನಡೆಸಿತ್ತು. ಸುಮಾರು 8.5 ಲಕ್ಷ ಜನ, ಹೆಚ್ಚಿನವರು ಯುರೋಪ್ ಮತ್ತು ಅಮೆರಿಕದವರು, ಅದಕ್ಕೆ ಸಿಕ್ಕಿದ್ದರು. ಬ್ರ್ಯಾಂಡ್ ಚಪ್ಪಲಿ, ಬಟ್ಟೆಗಳು ಅರ್ಧಕ್ಕರ್ಧ ಬೆಲೆಗೆ. ಅವರ ಉಪಾಯ ಏನು ಗೊತ್ತಾ? ಮಾಲೀಕರು ನವೀಕರಿಸದೆ ಬಿಟ್ಟ, ಗೂಗಲ್‌ನಲ್ಲಿ ಒಳ್ಳೆಯ ಹೆಸರಿದ್ದ ಹಳೇ ವಿಳಾಸಗಳನ್ನೇ ಹುಡುಕಿ ಕೊಳ್ಳುತ್ತಿದ್ದರು. ವಯಸ್ಸು ನೋಡಿ ನಂಬಿದವರು ಕೆಟ್ಟರು. ಅದಕ್ಕೇ ನಾನು ವಿಳಾಸಕ್ಕಿಂತ ಮುಂಚೆ ಗೂಡಿನ ಲೆಕ್ಕ ಹಾಕಿದ್ದು.

ಹಾಗಾದರೆ ಅಸಲಿ ಸೀರೆ ಗುರುತಿಸುವುದು ಹೇಗೆ ಎಂದು ಅತ್ತೆಯವರು ಕೇಳಬಹುದು. ಕೆಎಸ್‌ಐಸಿ ಸೀರೆಗಳಲ್ಲಿ ಹಾಲೋಗ್ರಾಂ ಮತ್ತು ಪ್ರತಿ ಸೀರೆಗೂ ಬೇರೆಯಾದ ಸಂಖ್ಯೆ ಇರುತ್ತದೆ. ಬೇರೆ ಅಂಗಡಿಯ ರೇಷ್ಮೆಗೆ ‘ಸಿಲ್ಕ್ ಮಾರ್ಕ್’ ಚೀಟಿ ಕೇಳಿ. ಬೆಂಗಳೂರಿನಲ್ಲೇ ಇರುವ ಕೇಂದ್ರ ರೇಷ್ಮೆ ಮಂಡಳಿ 2004ರಿಂದ ಅದನ್ನು ನಡೆಸುತ್ತಿದೆ. ಮನೆಗೆ ಬಂದ ಸೀರೆಯಾದರೆ ಸೆರಗಿನ ಒಂದು ಎಳೆ ಕಿತ್ತು ಸುಟ್ಟು ನೋಡಿ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನಮ್ಮ ಅಜ್ಜಿ ಸಂತೆಯಲ್ಲೇ ಬೀಡಿ ಸೇದುವವರ ಹತ್ತಿರ ಬೆಂಕಿಕಡ್ಡಿ ಇಸಿದುಕೊಂಡು ಈ ಪರೀಕ್ಷೆ ಮಾಡುತ್ತಿದ್ದಳು, ಅಂಗಡಿಯವನ ಮುಖ ನೋಡಬೇಕಿತ್ತು.

ಈ ಉತ್ತರ ಓದುವ ಬೇರೆಯವರು ಈಗಾಗಲೇ ದುಡ್ಡು ಕೊಟ್ಟಿದ್ದರೆ, ಅವರಿಗಾಗಿ ಎರಡು ಮಾತು. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ನಾಳೆ ಅಲ್ಲ, ಈಗ. ಈ ಸಹಾಯವಾಣಿಯ ಜೊತೆ ಬ್ಯಾಂಕುಗಳು ಜೋಡಣೆಯಾಗಿವೆ, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಕೂತಿದ್ದರೆ ಅಲ್ಲೇ ತಡೆಯಲು ಸಾಧ್ಯ. ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಎಟಿಎಂನಿಂದ ಹೊರಬಿದ್ದರೆ ಮುಗಿಯಿತು. ಅದರ ಜೊತೆಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಕ್ರೆಡಿಟ್ ಕಾರ್ಡ್ ಆದರೆ ಬ್ಯಾಂಕಿಗೆ ‘ವಸ್ತು ಬಂದಿಲ್ಲ’ ಅಥವಾ ‘ಬೇರೆ ವಸ್ತು ಬಂದಿದೆ’ ಎಂದು ಬರೆದು ಚಾರ್ಜ್‌ಬ್ಯಾಕ್ ಕೇಳಿ, ಅಂದರೆ ಮಾರಿದವನಿಗೆ ಹೋದ ಹಣವನ್ನು ಬ್ಯಾಂಕಿನ ಮೂಲಕ ವಾಪಸ್ ಪಡೆಯುವುದು. ಸ್ಕ್ರೀನ್‌ಶಾಟ್‌ಗಳು ಬೇಕಾಗುತ್ತವೆ, ನಕಲಿ ವೆಬ್‌ಸೈಟ್ ಬಹಳ ದಿನ ಇರುವುದಿಲ್ಲ, ಇರುವಾಗಲೇ ತೆಗೆದಿಟ್ಟುಕೊಳ್ಳಿ. ಕಾರ್ಡನ್ನು ಬ್ಲಾಕ್ ಮಾಡಿಸಿ ಹೊಸದು ಪಡೆಯಿರಿ.

ಬಾಗಿಲಲ್ಲಿ ದುಡ್ಡು ಕೊಟ್ಟು ಮೋಸ ಹೋದವರು ಪೆಟ್ಟಿಗೆ ಎಸೆಯಬೇಡಿ, ಮೇಲಿನ ಚೀಟಿ ಬೇಕು. ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಡೆಲಿವರಿ ಹುಡುಗ ವಸೂಲಿ ಮಾಡಿದ ಹಣವನ್ನು ಕೊರಿಯರ್ ಕಂಪನಿ ಮಾರಿದವನಿಗೆ ಆ ಕ್ಷಣವೇ ಕೊಡುವುದಿಲ್ಲ. ಕೆಲವು ದಿನ ಬಿಟ್ಟು ಒಟ್ಟಿಗೆ ಲೆಕ್ಕ ಮಾಡಿ ಕೊಡುತ್ತದೆ. ಚೀಟಿಯ ಮೇಲಿನ ಟ್ರ್ಯಾಕಿಂಗ್ ನಂಬರ್ ಹಾಕಿ, ಪೆಟ್ಟಿಗೆಯೊಳಗಿನ ಮಾಲಿನ ಫೋಟೋ ಸೇರಿಸಿ, ಅದೇ ದಿನ ಕೊರಿಯರ್ ಕಂಪನಿಗೆ ಇಮೇಲ್ ಮಾಡಿದರೆ ಹಣ ನಿಲ್ಲುವ ಸಾಧ್ಯತೆ ಇರುತ್ತದೆ. ಕೊರಿಯರ್ ಕಂಪನಿಯ ನಂಬರನ್ನು ಗೂಗಲ್‌ನ ಮೊದಲ ಸಾಲಿನಿಂದ ತೆಗೆದುಕೊಳ್ಳಬೇಡಿ, ಅವರದ್ದೇ ವೆಬ್‌ಸೈಟಿಗೆ ಹೋಗಿ. ಗ್ರಾಹಕ ಸಹಾಯವಾಣಿ 1915ಕ್ಕೂ ತಿಳಿಸಿ.

ಈಗ ನಾಡಿದ್ದಿನ ಮಾತು. ಅವತ್ತು ಬಾಗಿಲಿಗೆ ನೀವೇ ಹೋಗಿ. ‘ಬೇಡಪ್ಪ, ನಾವು ತೊಗೊಳ್ಳಲ್ಲ, ವಾಪಸ್ ಕಳಿಸಿಬಿಡು’ ಎಂದು ಹೇಳಿ. ಕಾರಣ ಹೇಳಬೇಕಾಗಿಲ್ಲ, ಜಗಳವೂ ಬೇಡ, ಆ ಹುಡುಗನಿಗೆ ಇದು ದಿನಾ ಇದ್ದದ್ದೇ. ಫೋನಿಗೆ ಒಟಿಪಿ ಬಂದಿದ್ದರೆ ಕೊಡಬೇಡಿ. ‘ಕ್ಯಾನ್ಸಲ್ ಮಾಡಲು ಒಟಿಪಿ ಹೇಳಿ’ ಎಂದು ಫೋನಿನಲ್ಲಿ ಕೇಳಿದರೂ ಕೊಡಬೇಡಿ, ಆ ಒಟಿಪಿಯಿಂದ ಪಾರ್ಸೆಲ್ ತಲುಪಿದೆ ಎಂದೇ ದಾಖಲಾಗಬಹುದು. ಆಮೇಲೆ ‘ಆರ್ಡರ್ ಮಾಡಿ ನಿರಾಕರಿಸಿದ್ದೀರಿ, ಲೀಗಲ್ ನೋಟಿಸ್ ಬರುತ್ತೆ, ದಂಡ ಕಟ್ಟಿ’ ಎಂದು ಯಾರಾದರೂ ಹೆದರಿಸಬಹುದು. ಪಾರ್ಸೆಲ್ ಬೇಡ ಎಂದದ್ದಕ್ಕೆ ನಿಮ್ಮ ಮೇಲೆ ಯಾವ ಕೇಸೂ ಆಗುವುದಿಲ್ಲ. ನಂಬರ್ ಬ್ಲಾಕ್ ಮಾಡಿ.

ಇನ್ನೊಂದು ವಿಷಯ. ಅತ್ತೆಯವರ ಹೆಸರು, ವಿಳಾಸ, ಫೋನ್ ನಂಬರ್ ಈಗಾಗಲೇ ಅವರ ಪಟ್ಟಿಗೆ ಸೇರಿದೆ. ಮುಂದಿನ ಕೆಲವು ತಿಂಗಳು ಅಂಚೆಯಲ್ಲಿ ಸ್ಕ್ರ್ಯಾಚ್ ಕಾರ್ಡ್ ಬರಬಹುದು, ಉಜ್ಜಿದರೆ ಕಾರು ಬಂದಿರುತ್ತದೆ, ಕಾರು ಬೇಕಾದರೆ ಮೊದಲು ತೆರಿಗೆ ಕಟ್ಟಬೇಕು ಅನ್ನುತ್ತಾರೆ. ಆರ್ಡರ್ ಮಾಡದ ಪಾರ್ಸೆಲ್ ಬರಬಹುದು, ನೀವು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ‘ಸೊಸೆ ತರಿಸಿದ್ದಿರಬೇಕು’ ಎಂದು ಅತ್ತೆಯವರು ದುಡ್ಡು ಕೊಟ್ಟು ಇಟ್ಟುಕೊಳ್ಳಬಹುದು. ಹಾಗಾಗಿ ಇವತ್ತು ಸಂಜೆ ಕಾಫಿ ಕುಡಿಯುವಾಗ ಗೂಡಿನ ಲೆಕ್ಕ ಅವರ ಮುಂದೆ ಇಡಿ, 500ರಿಂದ ಶುರು ಮಾಡಿ. ಉಳಿದದ್ದನ್ನು ಅವರೇ ಹೇಳುತ್ತಾರೆ. ಇನ್ನು ಮೇಲೆ ಯಾವ ಪಾರ್ಸೆಲ್ ಬಂದರೂ ಒಬ್ಬರನ್ನೊಬ್ಬರು ಫೋನಿನಲ್ಲಿ ಕೇಳದೆ ದುಡ್ಡು ಕೊಡುವುದಿಲ್ಲ ಎಂದು ಇಬ್ಬರೂ ಮಾತಾಡಿಕೊಳ್ಳಿ. ನಮ್ಮ ಮನೆಯಲ್ಲಿ ಬಾಚಣಿಗೆ ಬಂದ ದಿನದಿಂದ ಹಾಗೇ ಇದೆ.